ಮುಚ್ಚದ ಬಾಯಿ

ಗ್ಯಾರೇಜಿನ ಮೇಸ್ತ್ರಿಗೆ ಹೆಂಡತಿಯ ತಮ್ಮನ ತೊದಲು ಎಂದರೆ ಪುಕ್ಕಟೆ ಮನರಂಜನೆ. ಅವತ್ತು ಚಹಾದ ಹೊತ್ತಿನಲ್ಲಿ, ಎಲ್ಲರೆದುರು "ಸ್ಪಾ... ಸ್ಪಾ... ಸ್ಪಾನರ್" ಎಂದು ಅವನನ್ನು ಅಣಕಿಸಿ ಬಾಯ್ತುಂಬ ನಕ್ಕ. ದವಡೆ ಕಟಕ್ಕೆಂದಿತು. ಬಿಟ್ಟ ಬಾಯಿ ಮುಚ್ಚಲೇ ಇಲ್ಲ. ಜೊಲ್ಲು ಅಂಗಿಯ ಮೇಲೆ ಸುರಿಯತೊಡಗಿತು. ಇದೂ ಅಣಕವೇ ಇರಬೇಕೆಂದು ಕೆಲಸದವರು ಇನ್ನಷ್ಟು ನಕ್ಕರು. ಭಾವಮೈದ ಮಾತ್ರ ಗಾಬರಿಯಾಗಿ ಟವೆಲಿನಿಂದ ಭಾವನ ಬಾಯಿ ಮರೆಮಾಡಿ ಆಸ್ಪತ್ರೆಗೆ ಕರೆದೊಯ್ದ.

ವೈದ್ಯೆ ಹಿಂದಿನ ಹಲ್ಲುಗಳ ಮೇಲೆ ಹೆಬ್ಬೆರಳಿಟ್ಟು ಒತ್ತಿ ತಳ್ಳಿದಾಗ ಕೀಲು ತನ್ನ ಜಾಗಕ್ಕೆ ಬಂತು.

"ಶಾಖ ಕೊಡಿ, ಮೆತ್ತಗಿನ ಊಟ ಮಾಡಿ, ಬಾಯಿ ದೊಡ್ಡದಾಗಿ ತೆಗೀಬೇಡಿ. ಮತ್ತೆ ಜಾರಿದ್ರೆ ದವಡೆ ವ್ಯಾಯಾಮ ಹೇಳಿಕೊಡ್ತೀನಿ. ಆಪರೇಷನ್ನು ಕೊನೇ ದಾರಿ," ಎನ್ನುತ್ತ ಗಲ್ಲಕ್ಕೆ ಪಟ್ಟಿ ಕಟ್ಟಿದರು. "ಅಂದಹಾಗೆ, ಏನು ಮಾಡೋವಾಗ ಹೀಗಾಯ್ತು?"

ಮೇಸ್ತ್ರಿ ಅಳುಕುತ್ತ ಭಾವಮೈದನ ಕಡೆ ನೋಡಿದ.

"ಆ... ಆಕಳಿಸೋವಾಗ, ಡಾಕ್ಟ್ರೇ," ಎಂದ ಭಾವಮೈದ.

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಮೇಸ್ತ್ರಿಗೆ. ಹೊರಗೆ ಬಂದ ಮೇಲೆ ಪಟ್ಟಿ ಕಟ್ಟಿದ ಬಾಯಲ್ಲೇ, "ತಪ್ಪಾಯ್ತು ಕಣೋ," ಎಂದು ಹೇಗೋ ಗೊಣಗಿದ.

"ಈಗ ಮಾ... ಮಾತಾಡ್ಬೇಡಿ ಭಾವ, ನೋವಾಗುತ್ತೆ," ಎಂದು ಭಾವಮೈದ ಅವನ ಒದ್ದೆ ಅಂಗಿ ಒರೆಸತೊಡಗಿದ. ಮೇಸ್ತ್ರಿಗೆ ತಲೆಯೆತ್ತಿ ಅವನ ಮುಖ ನೋಡಲಾಗಲಿಲ್ಲ.