ಅಪ್ಪನ ಲೋಟ

ಪ್ರೇಮ್‌ಕುಮಾರ್ ಕಂಚಿನ ಬಟ್ಟಲಿಗೆ ಮರದ ಕೋಲು ತಾಗಿಸಿದ. ಸದ್ದು ತಾರಸಿಯ ತಗಡಿನ ಕೆಳಗೆ ಸುತ್ತಾಡಿ ನಿಲ್ಲುವ ಮೊದಲೇ ಗೋವಿಂದಮ್ಮ ಕಣ್ಣು ಬಿಟ್ಟರು.

"ಇದು ಯಾವಾಗ ಮುಗಿಯತ್ತೆ?" ಎಂದು ಮಗಳನ್ನು ಕೇಳಿದರು. ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ.

ಭಾಗ್ಯಲಕ್ಷ್ಮಿ ತಮ್ಮನ ಮುಖ ನೋಡಿದಳು. ಸುಗತನ ದವಡೆ ಬಿಗಿದಿತ್ತು. ಬೆಳಗಿನಿಂದ ಅವಳು ಮಾಡುತ್ತಿದ್ದುದು ಇದೊಂದೇ ಕೆಲಸ. ಅಮ್ಮನ ಮುಖ ನೋಡುವುದು, ಆಮೇಲೆ ತಮ್ಮನದು.

ಅಪ್ಪ ಚಿಕ್ಕಮುನಿಯಪ್ಪ ತೀರಿಕೊಂಡು ವಾರವಾಗಿತ್ತು. ಪುಣ್ಯಾನುಮೋದನೆಗೆಂದು ಬೌದ್ಧ ಭಿಕ್ಷು ಭಂತೇಜಿ ಜೋಗುಪಾಳ್ಯದ ಈ ಮನೆಯ ಮೂರು ಮಹಡಿ ಹತ್ತಿ ಬಂದು ಕುಳಿತಿದ್ದರು. ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಅಪ್ಪನದು. ಅದರ ಮುಂದೆ ಅಪ್ಪನ ಸ್ಟೀಲ್ ಲೋಟ, ಅಂಚಿನವರೆಗೂ ನೀರು. ತ್ರಿಶರಣ, ಪಂಚಶೀಲ ಹೇಳಿ ಆಗಿತ್ತು. ಇನ್ನು ಅಮ್ಮ ಮಕ್ಕಳು ಮೂವರೂ ಹೂಜಿಗೆ ಕೈ ಕೊಟ್ಟು, ಭಂತೇಜಿ ಗಾಥೆ ಹೇಳುತ್ತಿರುವಾಗ, ಪಿಂಗಾಣಿ ಬಟ್ಟಲು ತುಂಬಿ ಹರಿಯುವಂತೆ ನೀರೆರೆಯಬೇಕು. ತಾವು ಮಾಡಿದ ಪುಣ್ಯವನ್ನು ಹೋದವರ ಪಾಲಿಗೆ ಬಿಟ್ಟುಕೊಡುವ ಕ್ರಮ ಅದು. ಅದಕ್ಕೆ ಮುಂಚೆ ತನ್ನ ಗುರುವಿಗೆ ಸ್ವಲ್ಪ ಹೊತ್ತು ಬಿಡಬೇಕೆಂದು ಸುಗತ ಹಟ ಹಿಡಿದಿದ್ದ. ಪ್ರೇಮ್‌ಕುಮಾರ್ ಇಂದಿರಾನಗರದಲ್ಲಿ ಧ್ಯಾನದ ತರಗತಿ ನಡೆಸುವವನು.

"ಬುದ್ಧ ಹೇಳಿದ್ದನ್ನೇ ಇವ್ರು ಈಗಿನ ಭಾಷೇಲಿ ಹೇಳ್ತಾರೆ ಅಮ್ಮ. ಎರಡೂ ಸೇರಿಸ್ಬೇಕು," ಎಂದು ಸುಗತ ಹಿಂದಿನ ದಿನವೇ ವಾದ ಹೂಡಿದ್ದ. "ನಾನು ನಿದ್ದೆ ಮಾತ್ರೆ ಬಿಟ್ಟಿದ್ದು ಇವ್ರಿಂದಾನೆ."

"ನಿದ್ದೆ ಬಂತಲ್ಲ, ಸಾಕು. ನಿಮ್ಮಪ್ಪಂಗೂ ಮಲಗೋದು ಹೇಳ್ಕೊಡ್ಬೇಕಾ ಈಗ?" ಎಂದಿದ್ದರು ಗೋವಿಂದಮ್ಮ.

ಬಟ್ಟಲಿನ ಸದ್ದು ಅಡಗಿತು. ಪ್ರೇಮ್‌ಕುಮಾರ್ ಮೆತ್ತಗೆ ಮಾತು ಶುರುಮಾಡಿದ. "ಸಾವು ಅನ್ನೋದು ಎಂಡ್ ಅಲ್ಲ. ನಮ್ಮ ಆತ್ಮ ಹುಟ್ಟೋಕೆ ಮುಂಚೇನೇ ಎಲ್ಲಾ ಚೂಸ್ ಮಾಡಿರತ್ತೆ. ಯಾವ ಮನೆ, ಯಾವ ಊರು, ಯಾವ ಕಷ್ಟ. ಅಂಕಲ್ ಕೂಡ ಆರಿಸ್ಕೊಂಡೇ ಬಂದ್ರು. ಆ ಕಷ್ಟ ಅವರ ಗ್ರೋತ್‌ಗೆ ಬೇಕಿತ್ತು."

"ಊರೂ ಅವರೇ ಆರಿಸ್ಕೊಂಡ್ರಾ?" ಗೋವಿಂದಮ್ಮ ಕೇಳಿದರು.

"ಹೌದು ಆಂಟಿ."

"ಕೇರೀನೂ?"

ಪ್ರೇಮ್‌ಕುಮಾರ್ ನಕ್ಕ. ಪ್ರಶ್ನೆ ಅವನಿಗೆ ತಲುಪಿರಲಿಲ್ಲ. "ಅಮ್ಮ, ಸುಮ್ನೆ ಕೇಳು," ಎಂದ ಸುಗತ. ಭಂತೇಜಿ ಚಾಪೆಯ ಅಂಚು ನೋಡುತ್ತಾ ಕುಳಿತಿದ್ದರು.

ಪ್ರೇಮ್‌ಕುಮಾರ್ ಎದ್ದು ಫೋಟೊದ ಮುಂದಿನ ಲೋಟ ಎತ್ತಿಕೊಂಡ. "ಇದು ಅಂಕಲ್ ಬಳಸ್ತಿದ್ದಿದ್ದು ಅಲ್ವಾ? ಅವರ ಎನರ್ಜಿ ಇದರಲ್ಲಿದೆ. ಹೂಜಿ ಬೇಡ. ಎಲ್ರೂ ಬೊಗಸೆ ಹಿಡೀರಿ. ಮೇಲಿಂದ ಬರೋದನ್ನ ಹಾಗೇ ಸ್ವೀಕರಿಸಿ."

ಸುಗತ ಮುಂದೆ ಬಾಗಿ ಬೊಗಸೆಯೊಡ್ಡಿದ. ಪ್ರೇಮ್‌ಕುಮಾರ್ ಲೋಟವನ್ನು ಭುಜದೆತ್ತರಕ್ಕೆ ಹಿಡಿದ.

ಭಾಗ್ಯಲಕ್ಷ್ಮಿ ತನ್ನ ಕೈಗಳನ್ನು ಮಡಿಲಿನಿಂದ ಎತ್ತಲಿಲ್ಲ. ಹೊಸಕೋಟೆ ಆಚೆಯ ಊರಿನ ಶಾಲೆಯಲ್ಲಿ ಅಪ್ಪನಿಗೆ ನೀರು ಸಿಗುತ್ತಿದ್ದುದು ಹೀಗೆಯೇ. ಯಾರಾದರೂ ಬರುವವರೆಗೆ ಕಾಯಬೇಕು, ಬಂದವರು ತಂಬಿಗೆ ತಾಗದಂತೆ ಎತ್ತರದಿಂದ ಹುಯ್ಯಬೇಕು. ಬೆಂಗಳೂರಿಗೆ ಬಂದಾಗ ಅಪ್ಪ ಮೊದಲು ಕೊಂಡದ್ದು ಈ ಲೋಟ. ಕೆಲಸಕ್ಕೆ ಹೋದರೂ ಮದುವೆಗೆ ಹೋದರೂ ಚೀಲದಲ್ಲಿ ಅದು ಇರುತ್ತಿತ್ತು. ನಲ್ಲಿಗೆ ಮಕ್ಕಳು ಬೊಗಸೆಯೊಡ್ಡಿದರೆ ಗದರುತ್ತಿದ್ದರು. ಸುಗತ ಮರೆತಿರಬೇಕು ಎಂದುಕೊಂಡಳು. ಮರೆತಿದ್ದರೆ ಕ್ಷಮಿಸಬಹುದು.

"ಸುಗತ, ಕೈ ಇಳಿಸು," ಎಂದರು ಗೋವಿಂದಮ್ಮ.

ನೀರು ಬಿತ್ತು.

"ಇದು ಅದಲ್ಲ ಅಮ್ಮ," ಎಂದ ಸುಗತ, ತಲೆ ಎತ್ತದೆ.

ಅಂದರೆ ಅವನಿಗೆ ನೆನಪಿತ್ತು.

"ಅಪ್ಪಂಗೆ ಆಗಿದ್ದನ್ನೇ ಹಿಡ್ಕೊಂಡು ಎಷ್ಟು ದಿನ ಇರ್ತೀರ ನೀವೆಲ್ಲ? ಅವರೂ ಬಿಡ್ಲಿಲ್ಲ. ಈ ಮನೇಲಿ ಯಾರಿಗೆ ನೆಮ್ಮದಿ ಇತ್ತು ಹೇಳು," ಎಂದ. ಬೆರಳ ಸಂದಿಯಿಂದ ನೀರು ಚಾಪೆಗೆ ಸೋರುತ್ತಿತ್ತು.

ಗೋವಿಂದಮ್ಮ ಎದ್ದು ಪ್ರೇಮ್‌ಕುಮಾರನ ಕೈಯಿಂದ ಲೋಟ ತೆಗೆದುಕೊಂಡರು. "ಸಾರ್, ನೀವು ಕೆಳಗೆ ಹೋಗಿ. ಅಡುಗೆ ಆಗಿದೆ, ಊಟ ಮಾಡ್ಕೊಂಡೇ ಹೋಗ್ಬೇಕು."

"ಆಂಟಿ, ಈ ಕೋಪ ಇದೆಯಲ್ಲ, ಅದನ್ನ ಒಂದ್ಸಲ ಸುಮ್ನೆ ಗಮನಿಸಿ..."

"ತಟ್ಟೇಲಿ ಬಡಿಸ್ತೀವಿ. ನೀರು ಲೋಟದಲ್ಲೇ ಕೊಡ್ತೀವಿ. ಮೇಲಿಂದ ಹುಯ್ಯಲ್ಲ."

ಪ್ರೇಮ್‌ಕುಮಾರ್ ಸುಗತನತ್ತ ನೋಡಿದ. ಆಮೇಲೆ ಕಂಚಿನ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದ.

"ನೀನು ಹೂಜಿಗೆ ಕೈ ಕೊಡ್ತೀಯೋ, ಇಳೀತೀಯೋ?" ಗೋವಿಂದಮ್ಮ ಮಗನನ್ನು ಕೇಳಿದರು.

"ಅವ್ರನ್ನ ಹೀಗೆ ಕಳಿಸಿ ನನ್ನ ಕೈ ಕೇಳ್ಬೇಡ."

"ಸರಿ. ಬೇಡ."

ಅವರು ಹೂಜಿಯಿಂದ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿಸಿ ಮತ್ತೆ ಫೋಟೊದ ಮುಂದಿಟ್ಟರು. ಭಂತೇಜಿ ಗಾಥೆ ಶುರುಮಾಡಿದರು. ಭಾಗ್ಯಲಕ್ಷ್ಮಿ ಅಮ್ಮನ ಕೈಯ ಮೇಲೆ ಕೈಯಿಟ್ಟಳು. ಹೂಜಿ ಹಿಡಿದ ಆ ಬೆರಳುಗಳು ಕಲ್ಲಿನಂತಿದ್ದವು. ಇಬ್ಬರೂ ಸೇರಿ ಬಾಗಿಸಿದಾಗ ನೀರು ಸಣ್ಣ ಎಳೆಯಾಗಿ ಇಳಿಯಿತು.

ಪಿಂಗಾಣಿ ಬಟ್ಟಲು ತುಂಬಿತು, ಕೆಳಗಿನ ತಟ್ಟೆಗೆ ಹರಿಯಿತು. ಭಾಗ್ಯಲಕ್ಷ್ಮಿ ಓರೆಗಣ್ಣಿನಲ್ಲಿ ನೋಡಿದಳು. ಸುಗತ ಇಳಿದು ಹೋಗಿರಲಿಲ್ಲ. ಮೆಟ್ಟಿಲ ಬಾಗಿಲಲ್ಲಿ ನಿಂತು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಅವು ಆಗಲೇ ಒಣಗಿದ್ದವು. ಆದರೂ ಒರೆಸುತ್ತಲೇ ಇದ್ದ.