ದಿನ ಇನ್ನೂ ದೊಡ್ಡದಿದೆ

ಎಲ್ಡನ್ ವ್ರಾನಾನಿಗೆ ಹೆಮ್ಮೆಪಡಲು ಹೇಳಿಕೊಳ್ಳುವಂಥ ಸಂಗತಿಗಳು ಬಹಳ ಇರಲಿಲ್ಲ. ಇದ್ದ ಒಂದನ್ನು ಮಾತ್ರ ಅವನು ಜತನದಿಂದ ಇಟ್ಟುಕೊಂಡಿದ್ದ. ಮೂವತ್ತೊಂದು ಬೇಸಿಗೆ ವಿಸ್ಕಾನ್ಸಿನ್ನಿನ ಉದ್ದಗಲಕ್ಕೂ ಓಡಾಡಿ ಡ್ರಮ್ ತಂಡಗಳಿಗೆ ಅಂಕ ಹಾಕಿದ್ದರೂ, ಎಲ್ಡನ್ ಪಕ್ಷಪಾತ ಮಾಡಿದ ಎಂದು ಇವತ್ತಿನವರೆಗೆ ಒಂದು ನರಪಿಳ್ಳೆಯೂ ಅಂದಿರಲಿಲ್ಲ. ಗೆದ್ದವರು ಕೈ ಕುಲುಕುತ್ತಿದ್ದರು, ಸೋತವರೂ ಕುಲುಕುತ್ತಿದ್ದರು. ಹೆಂಡತಿ ಮಾರ್ಲಿಸ್ ಮಾತ್ರ, "ಮೈದಾನದಲ್ಲಿ ಸೊಳ್ಳೆ ಹಾರಿದ್ರೂ ಕೇಳುತ್ತೆ, ಮನೇಲಿ ಕಸ ಆಚೆ ಇಡು ಅಂದ್ರೆ ಕಿವುಡು" ಎಂದು ಆಡಿಕೊಳ್ಳುತ್ತಿದ್ದಳು.

ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತನಾದವನು. ಬೇರೆ ತೀರ್ಪುಗಾರರೆಲ್ಲ ಮೇಲೆ ಗಾಜಿನ ಕೋಣೆಯಲ್ಲಿ ತಣ್ಣಗೆ ಕೂತಿದ್ದರೆ, ಡ್ರಮ್ಮಿನ ತೀರ್ಪುಗಾರನ ಪಾಡು ಬೇರೆ. ಅವನು ಹುಲ್ಲಿನ ಮೇಲೇ ಇರಬೇಕು. ನೂರೈವತ್ತು ಹುಡುಗ ಹುಡುಗಿಯರು ಕಹಳೆ ಊದುತ್ತಾ, ಬಾವುಟ ಬೀಸುತ್ತಾ, ಡ್ರಮ್ ಬಾರಿಸುತ್ತಾ ಅಡ್ಡಾದಿಡ್ಡಿ ಓಡುವಾಗ ಅವರ ನಡುವೆ ಹಿಮ್ಮುಖವಾಗಿ ನಡೆಯುತ್ತಾ, ಕೇಳಿದ್ದನ್ನೆಲ್ಲ ಕೈಯಲ್ಲಿನ ರೆಕಾರ್ಡರಿಗೆ ಹೇಳುತ್ತಾ ಹೋಗಬೇಕು. ಒಂದು ತಂಡದ ಹನ್ನೊಂದು ನಿಮಿಷ ಮುಗಿದ ಮೇಲೆ ಇಪ್ಪತ್ತಕ್ಕೆ ಇಷ್ಟು ಎಂದು ಬರೆಯಬೇಕು. ಮೂರು ಸಲ ದೊಡ್ಡ ಡ್ರಮ್ಮಿನವರು ಅವನನ್ನು ಕೆಡವಿ ದಾಟಿಹೋಗಿದ್ದರು. ಮೂರು ಸಲವೂ ಅವನು ಎದ್ದು ಮೈ ಕೊಡವಿಕೊಂಡು ಅವರಿಗೆ ನ್ಯಾಯವಾದ ಅಂಕವನ್ನೇ ಕೊಟ್ಟಿದ್ದ.

ನ್ಯಾಯ ಎಂದರೆ ಅವನ ಲೆಕ್ಕದಲ್ಲಿ ಆಮೇಲೆ ಬರುವವರಿಗೆಂದು ಅಂಕದಲ್ಲಿ ಜಾಗ ಬಿಡುವುದೂ ಸೇರಿತ್ತು. ಹಿಂದಿನ ಪ್ರದರ್ಶನದಲ್ಲಿ ಅತಿ ಕಡಿಮೆ ಅಂಕ ಬಂದ ತಂಡ ಈ ಸಲ ಮೊದಲು ಬರಬೇಕು, ಅತಿ ಹೆಚ್ಚು ಬಂದದ್ದು ಕೊನೆಗೆ. ಹಾಗಾಗಿ ಮಧ್ಯಾಹ್ನ ಒಂದು ಗಂಟೆಯ ಉರಿಬಿಸಿಲಲ್ಲಿ ಸಣ್ಣ ಊರಿನ ಮಕ್ಕಳು ಬಂದು ತಂತಮ್ಮ ತಾಯಂದಿರ ಮುಂದೆ ಬಾರಿಸಿ ಹೋಗುತ್ತಾರೆ. ಸಂಜೆ ತಂಪಾದಾಗ ತುಂಬಿದ ಗ್ಯಾಲರಿಯ ಮುಂದೆ ದೊಡ್ಡವರು ಬರುತ್ತಾರೆ. ಒಂದು ಗಂಟೆಗೇ ಹದಿನೆಂಟು ಬರೆದುಬಿಟ್ಟರೆ ಏಳು ಗಂಟೆಗೆ ಬರುವವರಿಗೆ ಏನು ಬರೆಯುವುದು? ಅದಕ್ಕೆ ಎಲ್ಲ ತೀರ್ಪುಗಾರರೂ ಮೊದಲು ಬಂದವರಿಗೆ ಕೈ ಬಿಗಿಹಿಡಿಯುತ್ತಿದ್ದರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಇದು ತಪ್ಪೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ.

ಆ ಜುಲೈ ಶನಿವಾರ ಲಿಂಡೆನ್ ರಾಪಿಡ್ಸ್ ಊರಿನ ಹೈಸ್ಕೂಲ್ ಮೈದಾನದಲ್ಲಿ ಪ್ರದರ್ಶನ. ಹದಿನೈದು ತಂಡಗಳು. ಆ ದಿನದ ಪಟ್ಟಿಯಲ್ಲಿ ಮೊದಲ ಹನ್ನೆರಡರೊಳಗೆ ಬಂದವರಿಗೆ ಮುಂದಿನ ಬೇಸಿಗೆಯ ಪ್ರವಾಸದಲ್ಲಿ ಜಾಗ. ಉಳಿದ ಮೂರು ತಂಡಗಳು ಊರಿನ ಮೆರವಣಿಗೆಗಳಲ್ಲಿ ಬಾರಿಸಿಕೊಂಡಿರಬೇಕು, ಅಂದರೆ ಒಂದೆರಡು ವರ್ಷದಲ್ಲಿ ಬಾಗಿಲು ಹಾಕಬೇಕು. ಮೊದಲು ಬಾರಿಸಬೇಕಾಗಿದ್ದದ್ದು ಮಿಸಿಸಿಪಿ ದಂಡೆಯ ಪುಟ್ಟ ಊರಿನ ಹೆರನ್ಸ್ ತಂಡ. ಮಂಗಳವಾರ ಬೇರೆ ಊರಿನಲ್ಲಿ ಎಲ್ಡನ್ ಅವರಿಗೆ ಹದಿನಾಲ್ಕು ಪಾಯಿಂಟ್ ಮೂರು ಕೊಟ್ಟಿದ್ದ. ಇವತ್ತು ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ರಿಪೇರಿಯಾಗಿ ಬರುವ ಹೊತ್ತಿಗೆ ನಾಲ್ಕೂವರೆ. ತಡವಾಗಿ ಬಂದವರು ಎಲ್ಲರ ಕೊನೆಗೆ ಎಂಬುದು ನಿಯಮ. ಹೀಗೆ, ಸದಾ ಗೆಲ್ಲುವ ಐರನ್ ಲೇಕ್ ತಂಡದ ನಂತರ, ಇನ್ನೂ ಚಪ್ಪಾಳೆ ನಿಲ್ಲದ ಮೈದಾನಕ್ಕೆ ಹೆರನ್ಸ್ ಬಂದರು.

ಎಲ್ಡನ್ ಹದಿನೇಳು ಪಾಯಿಂಟ್ ಒಂದು ಬರೆದ. ಹೆರನ್ಸ್ ಹನ್ನೆರಡನೆಯವರಾದರು. ಟಿಂಬರ್ ಎಂಬ ತಂಡ ಹದಿಮೂರಕ್ಕೆ ಇಳಿಯಿತು.

ಪ್ರದರ್ಶನವಾದ ಮೇಲೆ ಶಾಲೆಯ ಊಟದ ಹಾಲಿನಲ್ಲಿ ತೀರ್ಪುಗಾರರು ಒಂದೊಂದು ಮೇಜಿಗೆ ಕೂರುತ್ತಾರೆ, ತಂಡಗಳ ಗುರುಗಳು ಬಂದು ಐದೈದು ನಿಮಿಷ ಮಾತಾಡುತ್ತಾರೆ. ಹೊರಗೆ ಇನ್ನೂ ಒಳ್ಳೆಯ ಬೆಳಕಿತ್ತು. ಹೆರನ್ಸ್ ತಂಡಕ್ಕೆ ಡ್ರಮ್ ಕಲಿಸುವ ಕೊರಿನ್ ಹೌಗನ್ ಬಂದು ಎದುರು ಕೂತಳು. ಇಪ್ಪತ್ನಾಲ್ಕರ ಹುಡುಗಿ, ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಥ್ಯಾಂಕ್ಸ್ ಹೇಳಲು ಬಂದಿದ್ದಾಳೆ ಎಂದುಕೊಂಡು ಎಲ್ಡನ್ ದೊಡ್ಡ ಮನುಷ್ಯನ ಮುಖ ಮಾಡಿಕೊಂಡ.

"ಮಿಸ್ಟರ್ ವ್ರಾನಾ, ಒಂದೇ ಒಂದು ವಿಷಯ ಕೇಳ್ಬೇಕಿತ್ತು. ಮಂಗಳವಾರಕ್ಕೂ ಇವತ್ತಿಗೂ ನಮ್ಮಲ್ಲಿ ಏನು ಸುಧಾರಿಸ್ತು ಅಂತ ಹೇಳಿದ್ರೆ, ಅದನ್ನೇ ಇನ್ನೊಂದಿಷ್ಟು ತಿದ್ತೀವಿ."

"ನೀನೇ ಹೇಳಮ್ಮ. ಏನು ಅಭ್ಯಾಸ ಮಾಡಿಸಿದೆ?"

"ಏನೂ ಇಲ್ಲ. ಬುಧವಾರ ಮಳೆ. ಗುರುವಾರ ಬಟ್ಟೆ ಒಗೆದ್ವಿ. ನಿನ್ನೆ ಅರ್ಧ ತಂಡಕ್ಕೆ ಹೊಟ್ಟೆ ಕೆಟ್ಟಿತ್ತು. ಇವತ್ತು ಬಸ್ಸು ತಳ್ಳಿದ್ವಿ." ಅವಳು ನಗಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. "ಮೂರು ದಿನದಲ್ಲಿ ಕೋಲು ಮುಟ್ಟೇ ಇಲ್ಲ. ಅದಕ್ಕೇ ಅರ್ಥ ಆಗ್ಲಿಲ್ಲ. ಮಂಗಳವಾರ ಹದಿನಾಲ್ಕು ಬಂತು ಅಂತ ನಾನು ಹುಡುಗರಿಗೆ ಸಿಕ್ಕಾಪಟ್ಟೆ ಬೈದುಬಿಟ್ಟೆ."

ಎಲ್ಡನ್ ಅಂಕದ ಹಾಳೆಯನ್ನು ಮತ್ತೊಮ್ಮೆ ನೋಡಿದ. "ಸ್ವಲ್ಪ ಹೊತ್ತು ಬಿಟ್ಟು ಬಾರಮ್ಮ, ಇನ್ನೊಂದು ಸಲ ಕೇಳಿ ನೋಡ್ತೀನಿ" ಎಂದು ಎದ್ದ.

ಕಾರಿನೊಳಗೆ ಕೂತು, ಮಾರ್ಲಿಸ್ ಕಟ್ಟಿಕೊಟ್ಟ ಸಾಸೇಜ್ ಸ್ಯಾಂಡ್‌ವಿಚ್ಚನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ರೆಕಾರ್ಡರಿನಿಂದ ಫೋನಿಗೆ ಇಳಿಸಿಕೊಳ್ಳುತ್ತಿದ್ದ ಧ್ವನಿಗಳಲ್ಲಿ ಆ ಎರಡೂ ದಿನದ್ದನ್ನು ಹಾಕಿದ. ಮೊದಲು ಇವತ್ತಿನದು. "ಒಂದೇ ಕೈ ಬಾರಿಸಿದ ಹಾಗಿದೆ, ಭೇಷ್" ಎಂದು ಅವನದೇ ದನಿ ಹೇಳುತ್ತಿತ್ತು. ಆಮೇಲೆ ಮಂಗಳವಾರದ್ದು. "ಒಂದೇ ಕೈ ಬಾರಿಸಿದ ಹಾಗಿದೆ, ಭೇಷ್." ಅದೇ ಮಾತು, ಅದೇ ಜಾಗದಲ್ಲಿ. ಸುಮ್ಮನೆ ಹೇಳಬಾರದು, ಮಂಗಳವಾರದ ನುಡಿಸಾಣಿಕೆ ಇನ್ನೂ ಒಂದು ಕೂದಲಷ್ಟು ಚೊಕ್ಕವಾಗಿತ್ತು. ಹನ್ನೊಂದು ನಿಮಿಷ ಹೊಗಳಿ ಹೊಗಳಿ, ಕೊನೆಯಲ್ಲಿ ಅವನ ದನಿ ಒಂದು ಗುಟುಕು ನೀರು ಕುಡಿದು ಹೇಳಿತು: "ಚೆನ್ನಾಗಿದೆ. ಆದ್ರೆ ದಿನ ಇನ್ನೂ ದೊಡ್ಡದಿದೆ."

ಹಾಗಂದದ್ದು ಅವನಿಗೆ ನೆನಪೇ ಇರಲಿಲ್ಲ. ಜೂನ್ ತಿಂಗಳಿನದನ್ನು ಹಾಕಿದ. ಬೇರೆ ತಂಡ, ಬೇರೆ ಊರು, ಮಧ್ಯಾಹ್ನ ಒಂದು ಗಂಟೆ: ದಿನ ಇನ್ನೂ ದೊಡ್ಡದಿದೆ. ಹೋದ ವರ್ಷದ್ದು ಹಾಕಿದ. ಅದರ ಹಿಂದಿನದೂ ಹಾಕಿದ. ಮೊದಲು ಬಂದ ಪ್ರತಿಯೊಂದು ತಂಡದ ಕೊನೆಯಲ್ಲೂ ಅದೇ ನೀರಿನ ಗುಟುಕು, ಅದೇ ಮಾತು. ಸಂಜೆಯ ತಂಡಗಳಿಗೆ ಒಂದು ಸಲವೂ ಇಲ್ಲ.

ಅವನಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ಕಿವಿಯೆಲ್ಲ ಬಿಸಿಯಾಗುವಂಥದ್ದು. ಅವನು ಈ ಕೆಲಸಕ್ಕೆ ಬಂದಾಗ ಈ ಭಾಗದಲ್ಲಿ ನಲವತ್ತೊಂದು ತಂಡಗಳಿದ್ದವು. ಈಗ ಹದಿನೈದು. ಯಾಕೆ ಹೀಗಾಯಿತು ಎಂದು ಯಾರಾದರೂ ಕೇಳಿದರೆ ಅವನ ಬಳಿ ಉತ್ತರ ಸಿದ್ಧವಿರುತ್ತಿತ್ತು: ಮಕ್ಕಳಿಗೆ ಫೋನಿನ ಹುಚ್ಚು, ತಂದೆತಾಯಿಗಳಿಗೆ ಫುಟ್‌ಬಾಲಿನ ಹುಚ್ಚು. ತನ್ನ ಪೆನ್ಸಿಲ್ಲಿನ ಮೇಲೆ ಅವನಿಗೆ ಎಂದೂ ಅನುಮಾನ ಬಂದಿರಲಿಲ್ಲ. ಮೊದಲು ಬಂದವರಿಗೆ ಕಡಿಮೆ ಅಂಕ; ಕಡಿಮೆ ಅಂಕ ಬಂದದ್ದಕ್ಕೆ ಮತ್ತೆ ಮೊದಲ ಸರದಿ. ಅಲ್ಲೇ ಗಿರಕಿ ಹೊಡೆದು ಹೊಡೆದು ಎಷ್ಟು ತಂಡಗಳು ಸುಸ್ತಾಗಿ ಮನೆಗೆ ಹೋದವೋ! ಸ್ಯಾಂಡ್‌ವಿಚ್ ಹಾಗೇ ಉಳಿಯಿತು.

ಕಾರಿನ ಕಿಟಕಿ ಬಡಿದದ್ದು ಮುಖ್ಯ ತೀರ್ಪುಗಾರ ಡ್ವೈಟ್ ಪೆಲ್ಟಿಯರ್. ಎಲ್ಡನ್ನನ ಹಳೆಯ ಗೆಳೆಯ, ತೂಕದ ಆಸಾಮಿ. ಕೈಯಲ್ಲಿ ಒಂದು ಕಾಗದವಿತ್ತು.

"ಇಲ್ಲಿ ಅಡಗಿಕೊಂಡಿದೀಯಾ? ಟಿಂಬರ್‌ನೋರು ತಕರಾರು ಬರೆದುಕೊಟ್ಟಿದ್ದಾರೆ ಕಣೋ. ನಾಲ್ಕು ದಿನದಲ್ಲಿ ಹೆರನ್ಸ್‌ಗೆ ಹತ್ರ ಹತ್ರ ಮೂರು ಪಾಯಿಂಟ್ ಎಲ್ಲಿಂದ ಉದುರ್ತು ಅಂತ."

"ಸರಿಯಾಗೇ ಕೇಳಿದ್ದಾರೆ."

"ಸರಿನೋ ತಪ್ಪೋ, ನನಗೆ ಉತ್ತರ ಬೇಕು. ನೋಡು, ಸುಲಭ ಇದೆ. ಸಂಜೆ ಹೊತ್ತಿಗೆ ಕಿವಿ ದಣಿದಿತ್ತು ಅಂತ ಒಂದು ಸಾಲು ಬರಿ. ಅಂಕ ಹದಿನೈದಕ್ಕೆ ಇಳಿಸಿಬಿಡೋಣ. ಒಂದು ದಿನ ಕೈ ತಪ್ಪಿತು ಅಂದ್ರೆ ನಿನ್ನನ್ನ ಯಾರೂ ಏನೂ ಅನ್ನಲ್ಲ. ನಿನ್ನ ಹೆಸರು ಅಂಥಾದ್ದು."

ಅಂಕ ಹದಿನೈದಕ್ಕೆ ಇಳಿದರೆ ಹೆರನ್ಸ್ ಪಟ್ಟಿಯಲ್ಲಿ ಹದಿಮೂರನೆಯವರು. ಇಬ್ಬರಿಗೂ ಅದು ಗೊತ್ತಿತ್ತು.

"ಇವತ್ತು ಕಿವಿ ದಣಿದಿರ್ಲಿಲ್ಲ ಡ್ವೈಟ್. ಮಂಗಳವಾರ ಪೆನ್ಸಿಲ್ ಹೆದರಿತ್ತು."

"ಅಂದ್ರೆ?"

ಎಲ್ಡನ್ ಮಾತಿನಲ್ಲಿ ಹೇಳುವ ಬದಲು ಕೇಳಿಸಿದ. ಮಂಗಳವಾರದ್ದು, ಜೂನಿನದು, ಹೋದ ವರ್ಷದ್ದು, ಅದರ ಹಿಂದಿನದು. ಡ್ವೈಟ್ ಕಿಟಕಿಗೆ ಕೈಯೂರಿ ನಿಂತು ಕೇಳಿದ. ನಾಲ್ಕನೆಯ ಸಲ 'ದಿನ ಇನ್ನೂ ದೊಡ್ಡದಿದೆ' ಬಂದಾಗ ಅವನ ಮುಖ ಇಳಿಯಿತು.

"ಇದನ್ನ ಬರೆದುಕೊಟ್ರೆ ಒಂದು ದಿನದ ತಪ್ಪಾಗಲ್ಲ ಕಣಯ್ಯಾ, ಮೂವತ್ತು ವರ್ಷದ್ದಾಗುತ್ತೆ. ನಿನ್ನದೊಂದೇ ಅಲ್ಲ, ನಮ್ಮೆಲ್ಲರದೂ."

"ಹೂಂ. ನಮ್ಮೆಲ್ಲರದೂ."

"ಜನ ಏನಂತಾರೆ?"

"ಪಕ್ಷಪಾತ ಮಾಡಿದ ಅಂತಾರೆ. ಮಾಡಿದೀನಲ್ಲ." ಹೇಳಿದ ಮೇಲೆ ಅವನಿಗೆ ಆಶ್ಚರ್ಯವಾಯಿತು, ಎದೆ ಹಗುರವಾಗಿತ್ತು. "ಕಾಗದ ಕೊಡು ಇಲ್ಲಿ."

ಸ್ಟೀರಿಂಗಿನ ಮೇಲಿಟ್ಟು ಬರೆದ. ಇವತ್ತಿನ ಅಂಕ ಕೇಳಿದ್ದಕ್ಕೆ ಕೊಟ್ಟದ್ದು. ಮಂಗಳವಾರದ್ದು ಸರದಿಗೆ ಕೊಟ್ಟದ್ದು. ಟಿಂಬರ್ ತಂಡವೂ ಇವತ್ತು ಮಧ್ಯಾಹ್ನ ಮೊದಮೊದಲೇ ಬಾರಿಸಿದ್ದರಿಂದ ಅವರದನ್ನೂ ಮತ್ತೆ ಕೇಳಿದ್ದೇನೆ, ಏಳು ಹತ್ತಾಂಶ ಕಡಿಮೆ ಕೊಟ್ಟಿದ್ದೇನೆ, ಅದನ್ನು ಸೇರಿಸಬೇಕು. ಇನ್ನು ಮುಂದೆ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಅಲ್ಲಿ ತಡೆದು, ನೆನಪಿನ ಅಂದಾಜಿನಲ್ಲಿ ಬರೆದದ್ದು ನಿಜವಾಗಲಿ ಎಂದು ಟಿಂಬರ್‌ನ ಹನ್ನೊಂದು ನಿಮಿಷವನ್ನು ಡ್ವೈಟ್‌ನ ಎದುರೇ ಪೂರ್ತಿ ಕೇಳಿದ. ಏಳೇ. ಸಹಿ ಹಾಕಿದ.

ಡ್ವೈಟ್ ಬೆರಳು ಮಡಿಚಿ ಕೂಡಿಸಿದ. "ಏಳು ಸೇರಿಸಿದ್ರೂ ಟಿಂಬರ್ ಇನ್ನೂ ಎರಡು ಹತ್ತಾಂಶ ಕೆಳಗೇ ಇದ್ದಾರೆ. ಹೆರನ್ಸ್ ಹನ್ನೆರಡು." ಕಾಗದ ಮಡಿಚಿದ. "ಆದ್ರೆ ಅವರ ಜಾಗವೂ ಹೀಗೇ ಹೋಗೋದು ಸರಿ ಅಲ್ಲ. ಹದಿಮೂರನೆಯವರನ್ನೂ ಪ್ರವಾಸಕ್ಕೆ ಕರೀರಿ ಅಂತ ಸಮಿತಿಗೆ ನಾನೇ ಹೇಳ್ತೀನಿ. ಚೀಟಿ ವಿಷಯಕ್ಕೆ ಮಾತ್ರ ಐರನ್ ಲೇಕ್‌ನೋರು ನಿನ್ನ ಚರ್ಮ ಸುಲೀತಾರೆ."

"ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ನಿಂತು ಸುಲೀಲಿ."

ಡ್ವೈಟ್ ಬೇಡವೆಂದರೂ ನಕ್ಕ. ಹೊರಡುವ ಮೊದಲು ತೊಡೆಯ ಮೇಲಿದ್ದ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದುಕೊಂಡು ಹೋದ.

ಊಟದ ಹಾಲಿನ ಬಾಗಿಲಲ್ಲಿ ಕೊರಿನ್ ಕಾಯುತ್ತಿದ್ದಳು. ಎಲ್ಡನ್ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ.

"ಮೂರು ವರ್ಷ ನಾನೂ ಈ ತಂಡದಲ್ಲಿ ಬಾರಿಸಿದೀನಿ ಮಿಸ್ಟರ್ ವ್ರಾನಾ. ಎಡಗಡೆಯಿಂದ ಮೂರನೇ ಡ್ರಮ್ಮು. ಮೂರು ವರ್ಷಾನೂ ಒಂದು ಗಂಟೆ ಸರದಿ. ಇಪ್ಪತ್ತೆರಡು ತುಂಬಿತು, ಹೊರಗೆ ಬಂದೆ. ಆ ವಯಸ್ಸು ದಾಟಿದ್ಮೇಲೆ ಮತ್ತೆ ತಂಡದಲ್ಲಿ ನಿಲ್ಲೋ ಹಾಗಿಲ್ವಲ್ಲ."

"ಇಲ್ಲ."

"ನಮ್ಮ ಯೋಗ್ಯತೆ ಅಷ್ಟೇನೋ ಅಂದ್ಕೊಂಡಿದ್ದೆ."

ಎಲ್ಡನ್ ಬಾಗಿಲಿನಾಚೆ ನೋಡಿದ. ಇನ್ನೂ ನ್ಯಾಯ ಕೊಡಬಹುದಾದ ಮಕ್ಕಳು ಹೊರಗೆ ಬಸ್ಸಿನ ಹತ್ತಿರ ಇದ್ದಾರೆ. ಇವಳ ಆ ಮೂರು ಬೇಸಿಗೆಗಳನ್ನು ಯಾವ ಕಾಗದಕ್ಕೆ ಸಹಿ ಹಾಕಿ ವಾಪಸು ಕೊಡುವುದು? "ಅಷ್ಟೇ ಆಗಿರ್ಲಿಲ್ಲ ಕಣಮ್ಮ" ಎಂದ. "ಈಗಷ್ಟೇ ಕೇಳಿದೆ. ನೀನಿದ್ದ ಕೊನೇ ವರ್ಷದ್ದು ಫೋನಲ್ಲಿದೆ. ನಾನು ಬರೆದದ್ದಕ್ಕಿಂತ ತುಂಬಾ ಚೆನ್ನಾಗಿದ್ರಿ. ನನ್ನ ಮಾತಲ್ಲೇ ಇದೆ, ಅಂಕದಲ್ಲಿ ಇಲ್ಲ."

ಕೊರಿನ್ ಸುಲಿದ ಮೂಗನ್ನು ಅಂಗೈಯಿಂದ ಒರೆಸಿಕೊಂಡಳು. "ಅದನ್ನ ನನಗೆ ಕಳಿಸಿ" ಎಂದಳು. "ಅಮ್ಮನಿಗೆ ಕೇಳಿಸ್ತೀನಿ. ಅವಳು ಆಗಲೇ ಹೇಳಿದ್ದಳು, ಆದ್ರೆ ಅಮ್ಮಂದಿರ ಮಾತು ಯಾರು ನಂಬ್ತಾರೆ. ಈಗ ಬನ್ನಿ, ಹುಡುಗರಿಗೂ ನೀವೇ ಹೇಳಿ. ನಾನು ಬೈದದ್ದು ಸುಮ್ಮನೆ ಅಂತ ಗೊತ್ತಾಗ್ಲಿ."

ಬಸ್ಸಿನ ಪಕ್ಕದಲ್ಲಿ ಹೆರನ್ಸ್ ಹುಡುಗರು ಚೀಸ್ ಕರ್ಡ್ಸ್ ಎಂಬ ಹಸಿ ಚೀಸಿನ ತುಂಡುಗಳನ್ನು ತಿನ್ನುತ್ತಾ ಹುಲ್ಲಿನ ಮೇಲೆ ಚೆಲ್ಲಾಪಿಲ್ಲಿ ಬಿದ್ದುಕೊಂಡಿದ್ದರು. ಹನ್ನೆರಡನೆಯ ಜಾಗದ ಖುಷಿಯಲ್ಲಿ ಯಾರಿಗೂ ಎದ್ದು ಕೂರುವ ಮನಸ್ಸಿರಲಿಲ್ಲ. ತೀರ್ಪುಗಾರ ಬಂದದ್ದು ನೋಡಿ ಎದ್ದರು. ಎಲ್ಡನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮಂಗಳವಾರ ನಿಮಗೆ ಹದಿನಾಲ್ಕು ಪಾಯಿಂಟ್ ಮೂರು ಕೊಟ್ಟಿದ್ದೆ. ಅದು ತಪ್ಪು. ನಿಮ್ಮದಲ್ಲ, ನನ್ನದು. ಮೊದಲು ಬಂದ್ರಿ ಅನ್ನೋ ಒಂದೇ ಕಾರಣಕ್ಕೆ ಕಡಿಮೆ ಬರೆದೆ. ಕ್ಷಮಿಸಿ."

ದೊಡ್ಡವರು ಹೀಗೆ ಬಂದು ಕ್ಷಮೆ ಕೇಳುವುದು ಅವರಿಗೆ ಹೊಸದು. ದೊಡ್ಡ ಡ್ರಮ್ಮಿನ ಹುಡುಗಿಯೊಬ್ಬಳು, ಬಾಯಲ್ಲಿದ್ದುದನ್ನು ನುಂಗಿ ಕೇಳಿದಳು: "ಹಾಗಾದ್ರೆ ಮಂಗಳವಾರ ಎಷ್ಟು ಬರ್ಬೇಕಿತ್ತು? ಹದಿನೇಳು ಪಾಯಿಂಟ್ ಒಂದೇನಾ?"

"ಹದಿನೇಳು ಪಾಯಿಂಟ್ ನಾಲ್ಕು."

"ಅಂದ್ರೆ ಇವತ್ತಿಗಿಂತ ಜಾಸ್ತಿ?"

"ಜಾಸ್ತಿ. ಇವತ್ತು ಎರಡನೇ ಭಾಗದಲ್ಲಿ ದೊಡ್ಡ ಡ್ರಮ್ಮುಗಳು ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ತಾಳ ಬಿಟ್ಟು ಓಡಿದ್ವು. ಮೂರು ಹತ್ತಾಂಶ ಅಲ್ಲೇ ಹೋಯ್ತು."

"ನಾನು ಆಗಲೇ ಹೇಳ್ಲಿಲ್ವಾ?" ಎಂದಳು ಕೊರಿನ್. ದೊಡ್ಡ ಡ್ರಮ್ಮಿನವರೆಲ್ಲ ಒಟ್ಟಿಗೆ ಅನ್ಯಾಯ ಅನ್ಯಾಯ ಎಂದು ಬೊಬ್ಬೆ ಹಾಕತೊಡಗಿದರು, ಉಳಿದವರು ಅವರತ್ತ ಚೀಸ್ ಎಸೆದು ನಕ್ಕರು. ಎಲ್ಡನ್ ಟೋಪಿ ಹಾಕಿಕೊಂಡು, ಯಾವ ಜಾಗದಲ್ಲಿ ಓಡಿದರೆಂದು ತೋರಿಸಲು ಒಬ್ಬನ ಕೈಯಿಂದ ಕೋಲು ಇಸಿದುಕೊಂಡ.