ಇಂದೂ ಹಾಡಿದ ಫೈಲು

ನನ್ನ ಹೆಂಡತಿ ಇಂದೂ ಹಾಡಲು ಕೂತರೆ ಪುಣೆಯ ಕನ್ನಡ ಮಂದಿ ಚಹಾದ ಕಪ್ಪು ಕೆಳಗಿಟ್ಟು ಕೇಳುತ್ತಿದ್ದರು. ಗಂಡನ ಬಡಾಯಿ ಅನ್ನುವವರು ಅನ್ನಲಿ, ನನಗೇನು! ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವಳ ದನಿ ಒಡೆದುಹೋಯಿತು. ಅಂದಿನಿಂದ ಹೊರಗಿನವರ ಎದುರು ತುಟಿ ಬಿಚ್ಚಿದವಳಲ್ಲ. ಅವಳ ಹಾಡು ಉಳಿದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಮೂವತ್ತೈದು ವರ್ಷದ ಹಿಂದೆ ದಸರೆಯಲ್ಲಿ ಹಾಡಿದ ದೇವರನಾಮ. ಅದನ್ನು ಕಂಪ್ಯೂಟರಿಗೆ ಇಳಿಸುವಾಗ ಟೇಪು ತುಂಡಾಯಿತು. ಪುಣ್ಯಕ್ಕೆ ಹಾಡು ಅಷ್ಟರಲ್ಲಿ ಮುಗಿದಿತ್ತು.

ಇಳಿಸುವುದೇನು ಹುಡುಗಾಟವೇ? ದನಿಯನ್ನು ಹಿಂಡಿ ಸಣ್ಣದು ಮಾಡದ ಫೈಲೇ ಬೇಕೆಂದು ಹಟ ಹಿಡಿದೆ. ಅದನ್ನು ಕೇಳಲು ನಾಲ್ಕು ಆ್ಯಪು ನೋಡಿದೆ. ಒಂದು ಖಾತೆ ತೆರೆ ಅಂತು, ಒಂದು ಹಾಡಿನ ನಡುವೆ ಸಾಬೂನು ಮಾರಿತು, ಇನ್ನೊಂದು ನೆಟ್ ಇಲ್ಲದೆ ಉಸಿರೇ ಎತ್ತಲಿಲ್ಲ. ಕೊನೆಗೆ ಸಿಕ್ಕಿದ್ದು ಫೋಲ್ಡರ್ ತೋರಿಸಿದರೆ ಸುಮ್ಮನೆ ಹಾಡುವ ಪುಕ್ಕಟೆ ಆ್ಯಪು. ನನಗೆ ಅದೇ ಸೈ.

ಮಗ ರಾಜೀವ ಊರಿನ ಇನ್ನೊಂದು ಮೂಲೆಯ ಮಗರಪಟ್ಟಾದಿಂದ ಬಂದವನು ನಕ್ಕ. “ಅಪ್ಪಾ, ಯಾವ ಕಾಲದಾಗ ಇದ್ದೀರಿ? ನನ್ನ ಆನ್‌ಲೈನ್ ಮ್ಯೂಸಿಕ್ ಸರ್ವಿಸ್‌ನ್ಯಾಗ ಹಾಕಿಬಿಡ್ತೀನಿ. ಇಂಪನಾ ಫೋನಿನ್ಯಾಗ ಕೇಳಿ ಕಲೀತಾಳ.” ನನ್ನ ಮೊಮ್ಮಗಳು ಇಂಪನಾ ಶಾಲೆಯ ಸ್ಪರ್ಧೆಯಲ್ಲಿ ಅಜ್ಜಿಯ ಹಾಡೇ ಹಾಡಬೇಕೆಂದಿದ್ದಳು. ಹಾಗಾಗಿ ಒಪ್ಪಿದೆ. ಆ ಮಹಾಶಯ ಹಾಡನ್ನು ಮೇಲಕ್ಕೇರಿಸಿ, ‘ಇಲ್ಲಿ ಇನ್ಯಾಕ ಬೇಕು’ ಎಂದು ನನ್ನ ಕಂಪ್ಯೂಟರಿನ ಡಿಸ್ಕನ್ನು ಖಾಲಿ ಮಾಡಿಟ್ಟ!

ಮುಂದಿನ ಭಾನುವಾರ ಧನಕವಡಿಯ ನಮ್ಮ ಮನೆಯಲ್ಲಿ ಇಂಪನಾ ಫೋನಿನಲ್ಲಿ ಹಾಡು ಹಚ್ಚಿದಳು. ಎಷ್ಟು ನುಣುಪು! ಹಿಂದೆ ಪಿಟೀಲು ಬೇರೆ. “ಭೇಷ್!” ಅಂದೆ ನಾನು, ಮೂರ್ಖ.

ಇಂದೂ ತಲೆ ಅಲ್ಲಾಡಿಸಿದಳು. “ಇದು ನಾನಲ್ಲ.”

“ಅವ್ವಾ, ನಿನ್ನ ಹೆಸರೇ ಅದ ನೋಡು,” ಅಂದ ರಾಜೀವ.

“ಹೆಸರು ನಂದು ಅದ, ದನಿ ಬ್ಯಾರೆಯವರದು. ನನ್ನ ಹಿಂದ ಪಿಟೀಲು ಯಾರು ಬಾರಿಸಿದ್ರೋ?”

ರಾಜೀವ ಫೋನು ಕೆದಕಿ ಕೆದಕಿ ಬೆವತ. ಆ ಸರ್ವಿಸು ಹಾಡಿನ ಹೆಸರು ನೋಡಿ, ‘ಇದು ನನ್ನ ಹತ್ತಿರ ಇದೆಯಲ್ಲ’ ಎಂದು ಯಾರೋ ದೊಡ್ಡ ಗಾಯಕಿಯದನ್ನು ಕೂರಿಸಿ, ಇವಳದನ್ನು ತೆಗೆದುಹಾಕಿತ್ತು. “ವಾಪಸ್ ಬರಂಗಿಲ್ಲಪ್ಪಾ,” ಅಂದ, ಮುಖ ಸಪ್ಪಗೆ ಮಾಡಿ. ಇಂದೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೂ ಬಯ್ಯಲಿಲ್ಲ. ಎದ್ದು ಕಪಾಟು ತೆರೆದು ಒಂದು ಪೆನ್‌ಡ್ರೈವ್ ತಂದೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವನು ಒಂದೇ ತಂತಿಯನ್ನು ನಂಬಿ ಕೂರುತ್ತಾನೆಯೇ? ಇನ್ನೊಂದು ಪ್ರತಿ ಮಾಡಿಟ್ಟಿದ್ದೆ. ಅದನ್ನು ಕಂಪ್ಯೂಟರಿಗೆ ಚುಚ್ಚಿದೆ. ಫೋಲ್ಡರ್ ತೋರಿಸಿದೆ, ನನ್ನ ಪುಕ್ಕಟೆ ಆ್ಯಪು ಹಾಡಿತು.

ಮೊದಲು ಪರಪರ ಸದ್ದು, ಯಾರದೋ ಕೆಮ್ಮು. ಆಮೇಲೆ ಇಂದೂ. ಎರಡನೇ ಚರಣಕ್ಕೆ ಒಂದು ಕೂಸು ಕಿಟಾರನೆ ಕಿರುಚಿತು.

“ಅದು ಯಾರು, ಅಜ್ಜಿ?” ಇಂಪನಾ ಕೇಳಿದಳು.

“ನಿಮ್ಮಪ್ಪ. ಆಗಲೂ ನನ್ನ ಹಾಡು ಕೆಡಸ್ಲಿಕ್ಕೇ ಕೂತಿದ್ದ,” ಅಂದಳು ಇಂದೂ. ರಾಜೀವ ಕಿವಿಯವರೆಗೂ ಕೆಂಪಾದ.

ಟೇಪಿನ ಹಾಡಿನಲ್ಲಿ ಕೂಸು ಎಷ್ಟು ಅತ್ತರೂ ಅವಳು ನಿಲ್ಲಿಸಲಿಲ್ಲ. ದನಿ ಏರಿಸಿ, ಆ ಅಳುವಿನ ಮೇಲೆಯೇ ಪಲ್ಲವಿಗೆ ಬಂದಳು. ಒಂದು ಸ್ವರ ಅಲುಗಲಿಲ್ಲ! ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಹರಿಯಬೇಕು, ಹಾಗೆ. ಇಂಪನಾ ಅಜ್ಜಿಯ ಮೊಣಕಾಲಿಗೆ ಆತುಕೊಂಡು ಮೆಲ್ಲಗೆ ಜೊತೆಗೂಡಿದಳು.

ಅಷ್ಟರಲ್ಲಿ ಕೆಳಗಿನ ಮನೆಯ ಮರಾಠಿ ಹೆಂಗಸು ಅಂಗಳದಿಂದ ಕೂಗಿದಳು: “ಇಂದೂತಾಈ, ಕೋಣ್ ಗಾತಂಯ್?” ಯಾರು ಹಾಡ್ತಿರೋದು ಅಂತ.

ನಾನು ಉತ್ತರ ಕೊಡಲು ಎದ್ದೆ. ಇಂದೂ ನನ್ನನ್ನು ಕೂರಿಸಿ, ತಾನೇ ಗ್ಯಾಲರಿಗೆ ಹೋಗಿ ನಿಂತಳು.

“ಮೀ!” ಅಂದಳು. ಅಂದರೆ, ನಾನು! ಆ ಒಡೆದ ದನಿಯಲ್ಲೇ, ಇಡೀ ಹೌಸಿಂಗ್ ಸೊಸೈಟಿಗೆ ಕೇಳುವ ಹಾಗೆ.